ಕೆಳಗ ಮೂರು ಚುಕ್ಕಿ

ಓಣಿಯ ಬಾಯಿಗೆ ಕಮಾನು ಕಟ್ಟ್ಯಾರ, ಹೆಸರು ಬರೀಬೇಕು.
"ತೋತಾ ಓಣಿ ಅಂತ ಬರಿ, ಮ್ಯಾಲ ಒಂದು ಗಿಳಿ ಕೂಡಿಸು"
ಅಂದ ವಾರ್ಡಿನ ಮೆಂಬರ. ಮುಂಗಡ ಐನೂರು ಕೊಟ್ಟ.

ಮೂವತ್ತು ವರ್ಷದಿಂದ ಯಾದಗಿರಿಯ ಅಂಗಡಿಗಳ ಹಣಿಗೆ
ಬೊಟ್ಟಿಟ್ಟಾಂವ ನಾನು. ಗಿಳಿ ದೊಡ್ಡ ಮಾತಲ್ಲ.
ಆದರ ಭೀಮಾದಂಡಿಯ ಈ ಓಣ್ಯಾಗ
ಕಾಗಿ ಅದಾವ, ಬೆಳ್ಳಕ್ಕಿ ಅದಾವ,
ಗಿಳಿ ಕಂಡವರನ್ನ ನಾ ಕಂಡಿಲ್ಲ.
ಕೇಳಿದರ ಎಲ್ಲಾರದೂ ಒಂದೇ ಕತಿ:
ಹಿಂದ ಇಲ್ಲೊಂದು ಬೇವಿನ ಗಿಡ ಇತ್ತಂತ,
ಗಿಡದ ತುಂಬ ತೋತಾ ಇದ್ದುವಂತ.
ಎಲ್ಲಿತ್ತು ಗಿಡ? ಅಂದರ
ಒಬ್ಬಾಂವ ಮಸೂತಿ ಕಡೆ ಕೈ ಮಾಡ್ತಾನ,
ಒಬ್ಬಾಂವ ಹಿಟ್ಟಿನ ಗಿರಣಿ ಕಡೆ.

ತಹಶೀಲ ಕಚೇರಿಯ ರೆಕಾರ್ಡ್ ಕೋಣಿಗೆ ಸುಣ್ಣ ಹಚ್ಚೋವಾಗ
ಕಪಾಟಿನ ಹಿಂದಿಂದ ಬಿತ್ತು ಒಂದು ಬಸ್ತಾ.
ಫಸಲಿ ಹದಿಮೂರ್ನೂರ ನಾಲ್ಕು,
ಗೆದ್ದಲ ಉಂಡು ಬಿಟ್ಟ ಉರ್ದು.
"ನದಿದಂಡಿ ಮನಿಗಳ ಪಟ್ಟಿ" ಅಂದ ಜವಾನ,
ಬೀಡಿ ಹಚ್ಚಲಿಕ್ಕೆ ಹೊರಗ ಹೋದ.
ಮೊದಲ ಹಾಳಿಯ ಪಟ ಫೋನಿನ್ಯಾಗ ಹಿಡಕೊಂಡೆ.

ವಹೀದಾ ಆಪಾ, ಉರ್ದು ಶಾಲಿಯ ಟೀಚರಾಗಿದ್ದಾಕಿ,
ಈಗ ಒಂದು ಕಣ್ಣಿಗೆ ಪೊರೆ.
ಎರಡು ಬೆರಳಿಲೆ ಅಕ್ಷರ ಹಿಗ್ಗಿಸಿ
ಬಾಳ ಹೊತ್ತು ಸುಮ್ಮನಿದ್ದಳು.
"ಚುಕ್ಕಿ ಹುಳ ತಿಂದಾವ, ಬೇಟಾ.
ಮ್ಯಾಲ ಎರಡು ಇಟ್ಟರ ತೋತ.
ಕೆಳಗ ಮೂರು ಇಟ್ಟರ ಪೋತ.
ಬಾಲದ ಕಡೆ ಹರದದ, ಪೋತವ್ವ ಇರಬೇಕು.
ಮುಂದಿಂದು ಖುಲ್ಲಾ ಅದ: ಬೇವಾ ಸಾಬಣ್ಣ."
ಬೇವಾ ಅಂದರ ಬೇವಿನ ಗಿಡ ಅಲ್ಲೇನ್ರಿ?
ಆಪಾ ಚಷ್ಮಾ ತಗದಳು.
"ಬೇವಾ ಅಂದರ ಗಂಡ ಸತ್ತಾಕಿ."
ಆಕಿನೂ ಬೇವಾನೇ.
ನಾ ನೆಲ ನೋಡಿದೆ.

ಪೋತವ್ವ, ಸಾಬಣ್ಣನ ವಿಧವಿ.
ಕಸುಬು: ಕಲ್ಲು ಹೊರೂದು. ಮನಿ: ಒಂದು, ಹುಲ್ಲಿಂದು.
ಆಕಿಗಿಂತ ಮ್ಯಾಲಿನ ಸಾಲಿನ್ಯಾಗ ಯಾರೂ ಇಲ್ಲ, ಬರೇ ನದಿ.
ರೈಲಿನ ಪೂಲಿಗೆ ಕಲ್ಲು ಹೊತ್ತವರು
ಪೂಲು ಮುಗದ ಮ್ಯಾಲ ಮುಂದಿನ ಹೊಳಿ ಹುಡುಕ್ಕೊಂಡು ಹೋಗಿರಬೇಕು.
ಆಕಿ ಯಾಕ ಉಳದಳೋ, ಹಾಳಿ ಹೇಳೂದಿಲ್ಲ.
ಮುಂದ ಯಾವನೋ ಗುಮಾಸ್ತ ಕನ್ನಡಕ್ಕ ಇಳಿಸೋವಾಗ
ಕೈಗೆ ಬಂದ ಚುಕ್ಕಿ ಇಟ್ಟಾನ.
ಹೆಂಗಸು ಹಾರಿ ಹೋದಳು,
ಗಿಳಿ ಬಂದು ಕೂತಿತು.

ಓಣಿಯ ತುದಿಗೆ, ನೀರಿಗೆ ಎಲ್ಲಾರಕಿಂತ ಹತ್ತರ,
ಗಂಜಿನ್ಯಾಗ ಹಮಾಲಿ ಮಾಡೋ ಸಾಬಣ್ಣನ ಮನಿ.
ನಿಮ್ಮಪ್ಪನ ಹೆಸರೇನು?
"ಮರೆಪ್ಪ."
ಅವರಪ್ಪ?
"ಸಾಬಣ್ಣ."
ಅವರಪ್ಪ?
"ಮರೆಪ್ಪ ಇರಬೇಕು. ಒಂದು ತಲಿ ಬಿಟ್ಟು ಒಂದು ತಲಿಗೆ
ನಮ್ಮಲ್ಲಿ ಸಾಬಣ್ಣ ಇರಲೇಬೇಕು."
ಯಾಕ?
"ನೀರಾಗ ಹೋದವರ ಹೆಸರು ಖಾಲಿ ಬಿಡಬಾರದಂತ.
ಯಾರು ಹೋಗಿದ್ದರೋ ಯಾರಿಗೊತ್ತು."
ಪೋತವ್ವ ಅಂತ...?
"ಕೇಳಿಲ್ಲ" ಅಂದ, ಖಾಲಿ ಚೀಲ ಝಾಡಿಸಿದ.
ತೊಗರಿಯ ಧೂಳು ನಮ್ಮಿಬ್ಬರ ನಡುವ ಒಂದಿಷ್ಟು ಹೊತ್ತು ನಿಂತಿತ್ತು.

ಮೆಂಬರನಿಗೆ ಎಲ್ಲಾ ಹೇಳಿದೆ.
"ಗಿಳಿ ಮೀಟಿಂಗಿನ್ಯಾಗ ಪಾಸಾಗ್ಯದ" ಅಂದ.

ಬರದೆ. ಹಸರು ಗಿಳಿ, ಕೆಂಪು ಕೊಕ್ಕು, ತೋತಾ ಓಣಿ.
ಗಿಳಿಯ ಕಾಲ ಕೆಳಗ, ಟೊಂಗಿ ಇರಬೇಕಾದ ಜಾಗದಾಗ,
ಮೂರು ಬೇವಿನ ಹಣ್ಣು, ಹಳದಿ,
ಎರಡು ಜೋಡಿ, ಒಂದು ಅವಕ್ಕಿಂತ ಕೆಳಗ.
"ಇವು ಯಾಕ?"
ಗಿಳಿಗಿ ಹಸಿವಿ ಆಗತದಲ್ರಿ, ಅಂದೆ.
ಮೂರು ಹಣ್ಣಿಗೆ ಬ್ಯಾರೆ ರೊಕ್ಕ ಕೊಡಲಿಲ್ಲ.

ನಿಚ್ಚಣಿಕಿ ಮಡಚೋವಾಗ ಸಾಬಣ್ಣ ಬಂದ,
ಕಮಾನಿನ ಕೆಳಗ ಹಾದು ಹೋದ.
ಬೆನ್ನ ಮ್ಯಾಲ ಚೀಲ ಇದ್ದಾಂವ
ತಲಿ ಎತ್ತೂದಿಲ್ಲ.